ಜರ್ಮನಿ ಫ್ರೀ ಅಂದವರೇ 12,500 ಯೂರೋ ಫೀಸ್ ಕೇಳ್ತಿದ್ದಾರೆ, ಏನು ಮಾಡಲಿ?

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ರೈತ. ಮೂರು ಎಕರೆ ನಾಲೆ ನೀರಿನ ಜಮೀನಿದೆ, ಕಬ್ಬು ಭತ್ತ ಬೆಳೀತೀನಿ. ಮಗಳು ಮಂಡ್ಯದಲ್ಲಿ ಮೆಕ್ಯಾನಿಕಲ್ ಬಿಇ ಮಾಡಿದ್ದಾಳೆ, ಸಿಜಿಪಿಎ 7.1. ಒಂದು ವರ್ಷದಿಂದ ಬಿಡದಿಯ ಬಿಡಿಭಾಗದ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದಾಳೆ, ಸಂಬಳ 24,000. ಜರ್ಮನಿಯಲ್ಲಿ ಮಾಸ್ಟರ್ಸ್ ಮಾಡಬೇಕು ಅಂತಾಳೆ. ಮೈಸೂರಿನ ಒಂದು ಕನ್ಸಲ್ಟೆನ್ಸಿಯವರು ಬರ್ಲಿನ್‌ನ ಖಾಸಗಿ ಯೂನಿವರ್ಸಿಟಿ ಒಂದನ್ನು ಹೇಳಿದ್ದಾರೆ. ವರ್ಷಕ್ಕೆ 12,500 ಯೂರೋ, ಎರಡು ವರ್ಷದ ಕೋರ್ಸು. ಶುಕ್ರವಾರದೊಳಗೆ 50,000 ಕಟ್ಟಿದರೆ ಸೀಟು ಗ್ಯಾರಂಟಿಯಂತೆ. ಒಟ್ಟು 30 ಲಕ್ಷ ಸಾಲ ಸಾಕು, ಮಿಕ್ಕಿದ್ದನ್ನು ಪಾರ್ಟ್‌ಟೈಮ್‌ನಲ್ಲಿ ದುಡಿದುಕೊಳ್ತಾಳೆ ಅಂತಾರೆ. ಭಾವಮೈದ ಮಾತ್ರ ರ್‍ಯಾಂಕಿಂಗ್‌ನಲ್ಲಿ 500ರ ಒಳಗೆ ಇಲ್ಲದ ಯೂನಿವರ್ಸಿಟಿ ದಂಡ ಅಂತಾನೆ. ಜಮೀನು ಅಡ ಇಡೋದಕ್ಕೆ ನಾನು ತಯಾರಿದ್ದೀನಿ, ಮನೆಯವಳು ಒಪ್ತಿಲ್ಲ. ಒಬ್ಬಳೇ ಹೆಣ್ಣುಮಗು ಅಷ್ಟು ದೂರ ಅನ್ನೋ ಭಯವೂ ಇದೆ. ಯಾವ ಯೂನಿವರ್ಸಿಟಿ ಒಳ್ಳೆಯದು, ಹೇಳಿ.

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಕೇಳಿರೋದು ಯೂನಿವರ್ಸಿಟಿ ಹೆಸರು, ಆದರೆ ಪತ್ರದ ತುಂಬ ಇರೋದು ಜಮೀನು. ಹಾಗಾಗಿ ಎರಡನ್ನೂ ಸೇರಿಸಿಯೇ ಮಾತಾಡ್ತೀನಿ.

ಮೊದಲು ಶುಕ್ರವಾರದ ವಿಷಯ ಮುಗಿಸೋಣ. ಆ 50,000 ಕಟ್ಟಬೇಡಿ. ಸೀಟು ಕೊಡೋದು ಯೂನಿವರ್ಸಿಟಿ, ಮಧ್ಯದವರಲ್ಲ. ಯೂನಿವರ್ಸಿಟಿಗೆ ಕಟ್ಟಬೇಕಾದ ದುಡ್ಡು ಏನಿದ್ದರೂ ಪ್ರವೇಶಪತ್ರ ಕೈಗೆ ಬಂದ ಮೇಲೆ, ಅದರಲ್ಲಿ ಬರೆದಿರೋ ಯೂನಿವರ್ಸಿಟಿಯ ಖಾತೆಗೇ ಹೋಗಬೇಕು. ವೀಸಾ ಸಿಗದಿದ್ದರೆ ಎಷ್ಟು ವಾಪಸ್ ಬರುತ್ತೆ ಅಂತ ಬರವಣಿಗೆಯಲ್ಲಿ ಕೇಳಿ. "ಸರ್, ಅದೆಲ್ಲ ಆಗುತ್ತೆ ಬಿಡಿ" ಅಂತ ಬಾಯಲ್ಲೇ ಉತ್ತರ ಬಂದರೆ ಎದ್ದು ಬನ್ನಿ. ಸಂತೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡದೆ ದುಡ್ಡು ಕೊಡ್ತೀರಾ?

ಈಗ ಅವರು ಆ ಯೂನಿವರ್ಸಿಟಿ ಹೆಸರನ್ನೇ ಯಾಕೆ ಹೇಳಿದ್ರು ಅನ್ನೋದು. ನಾನು ಮೈಸೂರಿನಲ್ಲಿ ಈ ಕೆಲಸ ಶುರು ಮಾಡಿ 14 ವರ್ಷ ಆಯ್ತು. ಮೊದಲ ಆರು ವರ್ಷ ನಾನೂ ಯೂನಿವರ್ಸಿಟಿಗಳ ಕಮಿಷನ್ ಮೇಲೇ ಬದುಕಿದವನು. ವ್ಯವಹಾರ ಹೀಗೆ: ವಿದ್ಯಾರ್ಥಿ ಸೇರಿ ಫೀಸು ಕಟ್ಟಿದ ಮೇಲೆ, ಆ ಫೀಸಿನ ಒಂದು ಪಾಲನ್ನು ಯೂನಿವರ್ಸಿಟಿ ಮಧ್ಯದವರಿಗೆ ಕೊಡುತ್ತೆ. ಫೀಸು ಜಾಸ್ತಿ ಇದ್ದಷ್ಟೂ ಪಾಲು ಜಾಸ್ತಿ. ಇದು ಕಾನೂನುಬಾಹಿರ ಅಲ್ಲ, ಮೋಸವೂ ಅಲ್ಲ. ಆದರೆ ಜರ್ಮನಿಯ ಬಹುತೇಕ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಫೀಸೇ ಇಲ್ಲ ಅಂದಮೇಲೆ ಪಾಲು ಎಲ್ಲಿಂದ ಬರಬೇಕು? ಅದಕ್ಕೇ ಆ ಹೆಸರುಗಳು ಟೇಬಲ್ ಮೇಲೆ ಬರೋದೇ ಇಲ್ಲ. ಕೇಳಿದರೆ "ನಿಮ್ಮ ಮಗಳ ಮಾರ್ಕ್ಸಿಗೆ ಅಲ್ಲಿ ಸಿಗಲ್ಲ ಸರ್" ಅಂತಾರೆ. ನಾನೂ ಹಾಗೇ ಹೇಳ್ತಿದ್ದೆ. ಎಷ್ಟೋ ಸಲ ಅದು ನಿಜವೂ ಆಗಿತ್ತು, ಎಷ್ಟೋ ಸಲ ನಾನು ಲೆಕ್ಕ ಹಾಕಿಯೇ ಇರಲಿಲ್ಲ. ಈಗ ಮನೆಯವರ ಹತ್ತಿರ ನೇರವಾಗಿ ಫೀಸು ತಗೋತೀನಿ, ಯೂನಿವರ್ಸಿಟಿ ಹತ್ತಿರ ತಗೊಳ್ಳಲ್ಲ. ಇದನ್ನು ಹೇಳೋದರಲ್ಲಿ ನನ್ನ ಸ್ವಾರ್ಥವೂ ಇದೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಂಡೇ ಮುಂದೆ ಓದಿ.

ಹಾಗಾದ್ರೆ ಲೆಕ್ಕ ಹಾಕಿಯೇ ನೋಡೋಣ. ನಮ್ಮ ಸಿಜಿಪಿಎಯನ್ನು ಜರ್ಮನ್ ಅಂಕಕ್ಕೆ ತಿರುಗಿಸೋಕೆ ಒಂದು ಸೂತ್ರ ಇದೆ, ಬವೇರಿಯನ್ ಸೂತ್ರ ಅಂತಾರೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೀಬೇಕು, ಗರಿಷ್ಠದಿಂದ ಕನಿಷ್ಠ ಪಾಸ್ ಅಂಕ ಕಳೆದು ಬಂದದ್ದರಿಂದ ಅದನ್ನು ಭಾಗಿಸಬೇಕು, ಮೂರರಿಂದ ಗುಣಿಸಿ ಒಂದು ಕೂಡಿಸಬೇಕು. ಅಲ್ಲಿ 1 ಅಂದ್ರೆ ಅತ್ಯುತ್ತಮ, 4 ಅಂದ್ರೆ ಬರೀ ಪಾಸು. ನಿಮ್ಮ ಮಗಳ 7.1ಕ್ಕೆ ಕನಿಷ್ಠ ಪಾಸು 4 ಅಂತ ಹಿಡಿದರೆ 2.45 ಬರುತ್ತೆ. 5 ಅಂತ ಹಿಡಿದರೆ 2.74. ಬಹಳಷ್ಟು ಮಾಸ್ಟರ್ಸ್ ಕೋರ್ಸುಗಳು 2.5ಕ್ಕೆ ಗೆರೆ ಎಳೆಯುತ್ತವೆ. ಅಂದ್ರೆ ನಿಮ್ಮ ಮಗಳು ಸರಿಯಾಗಿ ಗೆರೆಯ ಮೇಲೆ ನಿಂತಿದ್ದಾಳೆ. ಸಿಗೋದೇ ಇಲ್ಲ ಅನ್ನೋದು ಸುಳ್ಳು. ಮ್ಯೂನಿಕ್, ಆಖೆನ್ ತರದ ದೊಡ್ಡ ಹೆಸರು ಸಿಗುತ್ತೆ ಅನ್ನೋದೂ ಕಷ್ಟ. ನಡುವೆ ಬೇಕಾದಷ್ಟು ಜಾಗ ಇದೆ, ಅದನ್ನು ಹುಡುಕಬೇಕು ಅಷ್ಟೇ.

ಆಮೇಲೆ ಈ "ಜರ್ಮನಿ ಫ್ರೀ" ಅನ್ನೋ ಮಾತು. ಅರ್ಧ ನಿಜ. ಬಹುತೇಕ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಟ್ಯೂಷನ್ ಫೀಸು ಇಲ್ಲ, ಸೆಮಿಸ್ಟರ್ ಶುಲ್ಕ ಅಂತ ಸಾಮಾನ್ಯವಾಗಿ 100ರಿಂದ 350 ಯೂರೋ ಒಳಗೆ ಕಟ್ಟಬೇಕು. ಸ್ಟುಟ್‌ಗಾರ್ಟ್ ಇರೋ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ಯುರೋಪಿನ ಹೊರಗಿನವರಿಗೆ 2017ರಿಂದ ಸೆಮಿಸ್ಟರ್‌ಗೆ 1,500 ಯೂರೋ ಫೀಸು ಇದೆ. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿಯೂ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಫೀಸು ಶುರು ಮಾಡಿದೆ. ಆದರೆ ಊಟ, ಬಾಡಿಗೆ, ಇನ್ಶೂರೆನ್ಸು ಯಾರೂ ಫ್ರೀ ಕೊಡಲ್ಲ. ವೀಸಾಗೆ ಬ್ಲಾಕ್ಡ್ ಅಕೌಂಟ್ ಅಂತ ತೆಗೆದು ಒಂದು ವರ್ಷದ ಖರ್ಚು 11,904 ಯೂರೋ ಮೊದಲೇ ಹಾಕಬೇಕು. ಯೂರೋಗೆ 100 ರೂಪಾಯಿ ಅಂತ ಹಿಡಿದರೆ ಸುಮಾರು 12 ಲಕ್ಷ. ಇದನ್ನು ತುಂಬ ಜನ ಫೀಸು ಅಂದುಕೊಂಡು ಹೆದರ್ತಾರೆ. ಫೀಸಲ್ಲ, ನಿಮ್ಮದೇ ದುಡ್ಡು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಅವಳ ಕೈಗೇ ಬರುತ್ತೆ. ಎರಡನೇ ವರ್ಷಕ್ಕೆ ಅಲ್ಲಿ ಇರೋ ಪರವಾನಗಿ ಮುಂದುವರಿಸುವಾಗ ಮತ್ತೆ ದುಡ್ಡು ತೋರಿಸಬೇಕು, ಇದನ್ನು ಮಾತ್ರ ಯಾರೂ ಮೊದಲೇ ಹೇಳಲ್ಲ.

ಖಾಸಗಿ ಯೂನಿವರ್ಸಿಟಿ ಅಂದ್ರೆ ನಕಲಿ ಅಂತ ಅಂದುಕೊಳ್ಳಬೇಡಿ. ಅವುಗಳಲ್ಲಿ ಬಹಳಷ್ಟಕ್ಕೆ ಅಲ್ಲಿನ ಸರ್ಕಾರದ ಮಾನ್ಯತೆ ಇರುತ್ತೆ, ಕೆಲವು ಒಳ್ಳೆಯವೇ ಇವೆ. ಆದರೆ ನಿಮಗೆ ಹೇಳಿರೋದರ ಪೂರ್ತಿ ಲೆಕ್ಕ ನೋಡಿ. ಫೀಸು ಎರಡು ವರ್ಷಕ್ಕೆ 25,000 ಯೂರೋ, 25 ಲಕ್ಷ. ಜೀವನಕ್ಕೆ ಎರಡು ವರ್ಷಕ್ಕೆ 24 ಲಕ್ಷ. ವಿಮಾನ, ವೀಸಾ, ಅದು ಇದು ಸೇರಿ 50 ಲಕ್ಷ. ಅವರು ಹೇಳಿದ 30 ಲಕ್ಷ ಎಲ್ಲಿಂದ ಬಂತು? ಮಿಕ್ಕ 20 ಲಕ್ಷವನ್ನು ನಿಮ್ಮ ಮಗಳು ಪಾತ್ರೆ ತೊಳೆದು, ಗೋಡೌನಿನಲ್ಲಿ ಪೆಟ್ಟಿಗೆ ಎತ್ತಿ ದುಡೀಬೇಕು ಅಂತ ಅವರೇ ತೀರ್ಮಾನ ಮಾಡಿಬಿಟ್ಟಿದ್ದಾರೆ.

ಪಾರ್ಟ್‌ಟೈಮ್ ಕೆಲಸ ಸಿಗುತ್ತೆ, ಸಿಗಲ್ಲ ಅಂತಲ್ಲ. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯೋಕೆ ಅವಕಾಶ ಇದೆ. ಕನಿಷ್ಠ ಕೂಲಿ 2026ರ ಜನವರಿಯಿಂದ ಗಂಟೆಗೆ 13.90 ಯೂರೋ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಜರ್ಮನ್ ಭಾಷೆ ಬರದವರಿಗೆ ಮೊದಲ ಆರು ತಿಂಗಳು ಕೆಲಸ ಸಿಗೋದೇ ತಿಣುಕಾಟ, ಪರೀಕ್ಷೆ ಟೈಮಲ್ಲಿ ಬಿಡಬೇಕಾಗುತ್ತೆ. ಬಂದರೆ ಬಾಡಿಗೆಗೆ ಆಯ್ತು ಅನ್ನಿ. ಫೀಸು ಕಟ್ಟೋಕೆ ಅದನ್ನು ನಂಬೋದು, ಕಾರ್ಖಾನೆಯವರು ಕಬ್ಬಿನ ಬಿಲ್ಲು ಟೈಮಿಗೆ ಕೊಡ್ತಾರೆ ಅಂತ ನಂಬಿ ಮದುವೆ ಚಪ್ಪರ ಹಾಕಿಸಿದಂಗೆ.

ಇನ್ನೊಂದು ಎಚ್ಚರಿಕೆ. ಖಾಸಗಿ ಕಡೆ ಕೆಲವು ಕೋರ್ಸುಗಳು ಅರ್ಧ ಕ್ಲಾಸಿನಲ್ಲಿ ಅರ್ಧ ಆನ್‌ಲೈನ್‌ನಲ್ಲಿ ನಡೀತವೆ. 2025ರಲ್ಲಿ ಬರ್ಲಿನ್‌ನಲ್ಲಿ ಇಂಥ ಕೋರ್ಸಿಗೆ ಸೇರಿದ್ದ ಭಾರತದ ವಿದ್ಯಾರ್ಥಿಗಳಿಗೆ, ಇದನ್ನು ಊರಲ್ಲೇ ಕೂತು ಓದಬಹುದಲ್ವಾ ಅಂತ ಅಲ್ಲಿನ ವಲಸೆ ಕಚೇರಿ ಪರವಾನಗಿ ನಿರಾಕರಿಸಿ ದೇಶ ಬಿಡೋಕೆ ಹೇಳಿತು. ದುಡ್ಡು ಕಟ್ಟಿ, ರೂಮು ಮಾಡಿ, ಓದ್ತಾ ಇದ್ದವರು ಅವರು. ನಿಮಗೆ ಹೇಳಿರೋ ಕೋರ್ಸು ಪೂರ್ತಿ ಕ್ಲಾಸಿನಲ್ಲೇ ನಡೆಯುತ್ತಾ ಅಂತ ಯೂನಿವರ್ಸಿಟಿಗೇ ಇಮೇಲ್ ಹಾಕಿ ಕೇಳಲಿ.

ಭಾವಮೈದನ ರ್‍ಯಾಂಕಿಂಗ್ ವಾದಕ್ಕೆ ಬರ್ತೀನಿ. ಈ ವಿಷಯದಲ್ಲಿ ನಾನು ಒಂದು ಸಲ ಕೈ ಸುಟ್ಟುಕೊಂಡಿದ್ದೀನಿ. ಮೈಸೂರಿನ ಒಬ್ಬ ಹುಡುಗನನ್ನು, ಮನೆಯವರ ಆಸೆಗೂ ನನ್ನ ಗೋಡೆ ಮೇಲೆ ಫೋಟೋ ಹಾಕಿಕೊಳ್ಳೋ ಆಸೆಗೂ, ರ್‍ಯಾಂಕಿಂಗ್‌ನಲ್ಲಿ ಎತ್ತರದಲ್ಲಿರೋ ಒಂದು ಯೂನಿವರ್ಸಿಟಿಗೆ ಕಳಿಸಿದೆ. ಅವನಿಗೆ ಬೇಕಿದ್ದದ್ದು ಕಾರ್ಖಾನೆ ಕೆಲಸ. ಸಿಕ್ಕಿದ್ದು ಪೂರ್ತಿ ಸಂಶೋಧನೆಯ ಕೋರ್ಸು, ಪುಟಗಟ್ಟಲೆ ಗಣಿತ. ಎರಡು ವರ್ಷದ್ದನ್ನು ಮೂರೂವರೆ ವರ್ಷ ಎಳೆದ. ಅವರಪ್ಪ ಇವತ್ತಿಗೂ ಸಿಕ್ಕಿದರೆ ಚೆನ್ನಾಗೇ ಮಾತಾಡಿಸ್ತಾರೆ, ಅದೇ ನನಗೆ ಜಾಸ್ತಿ ಹಿಂಸೆ.

ರ್‍ಯಾಂಕಿಂಗ್ ಹೇಗೆ ಮಾಡ್ತಾರೆ ಗೊತ್ತಾ? ಎಲ್ಲರೂ ಹೇಳೋ ಕ್ಯೂಎಸ್ ಪಟ್ಟಿಯಲ್ಲಿ 30 ಪರ್ಸೆಂಟ್ ತೂಕ, ಬೇರೆ ಬೇರೆ ದೇಶದ ಪ್ರೊಫೆಸರ್‌ಗಳು ಆ ಯೂನಿವರ್ಸಿಟಿ ಬಗ್ಗೆ ಏನಂದುಕೊಂಡಿದ್ದಾರೆ ಅನ್ನೋದಕ್ಕೆ. ಇನ್ನು 20 ಪರ್ಸೆಂಟ್ ಅವರ ಸಂಶೋಧನಾ ಲೇಖನಗಳನ್ನು ಎಷ್ಟು ಜನ ಉಲ್ಲೇಖ ಮಾಡಿದ್ದಾರೆ ಅನ್ನೋದಕ್ಕೆ. ಪಿಎಚ್‌ಡಿ ಮಾಡೋರಿಗೆ ಇದು ಬೇಕು. ಬಿಡದಿಯಲ್ಲಿ ಅಳತೆ ಗೇಜು ಹಿಡಿದು ನಿಲ್ಲೋ ಹುಡುಗಿಗೆ, ಓದು ಮುಗಿದ ಮೇಲೆ ಕೆಲಸ ಬೇಕಾದವಳಿಗೆ, ಇದರಿಂದ ಏನು ಗೊತ್ತಾಗುತ್ತೆ?

ಜರ್ಮನಿಯಲ್ಲಿ ಹೋಕ್‌ಶೂಲ ಅನ್ನೋ ಇನ್ನೊಂದು ತರದ ಸರ್ಕಾರಿ ಕಾಲೇಜುಗಳಿವೆ, ಅನ್ವಯಿಕ ವಿಜ್ಞಾನದ ಯೂನಿವರ್ಸಿಟಿ ಅಂತ ಕರೀತಾರೆ. ಪಾಠ ಮಾಡೋ ಪ್ರೊಫೆಸರ್‌ಗಳಿಗೆ ಸಾಮಾನ್ಯವಾಗಿ ಉದ್ಯಮದಲ್ಲಿ ಕೆಲಸ ಮಾಡಿದ ಅನುಭವ ಇರಲೇಬೇಕು. ಲ್ಯಾಬು, ಪ್ರಾಜೆಕ್ಟು, ಕಂಪನಿಯಲ್ಲಿ ಕೂತು ಬರೆಯೋ ಥೀಸಿಸ್ಸು, ಇವೇ ಜಾಸ್ತಿ. ಸಂಶೋಧನೆ ಕಮ್ಮಿ ಇರೋದರಿಂದ ದೊಡ್ಡ ರ್‍ಯಾಂಕಿಂಗ್ ಪಟ್ಟಿಗಳಲ್ಲಿ ಇವುಗಳ ಹೆಸರು ಹುಡುಕಿದರೂ ಸಿಗಲ್ಲ. ಆದರೆ ಇಂಗೋಲ್‌ಸ್ಟಾಟ್‌ನ ಕಾಲೇಜು ಇರೋದು ಆಡಿ ಕಂಪನಿಯ ಸ್ವಂತ ಊರಲ್ಲಿ, ಎಸ್ಲಿಂಗೆನ್‌ನದು ಕಾರು ಕಂಪನಿಗಳಿರೋ ಸ್ಟುಟ್‌ಗಾರ್ಟ್ ಪಕ್ಕದಲ್ಲಿ (ಎಸ್ಲಿಂಗೆನ್‌ನಲ್ಲಿ ಮಾತ್ರ ಮೇಲೆ ಹೇಳಿದ 1,500 ಯೂರೋ ಫೀಸು ಇದೆ). ನಮ್ಮ ಕಡೆ ನೋಡಿ, ಮಂಡ್ಯದ ಪಿಇಎಸ್, ಮೈಸೂರಿನ ಎನ್‌ಐಇ ಲಂಡನ್‌ನಲ್ಲಿ ಯಾರಿಗೆ ಗೊತ್ತು? ಬಿಡದಿ, ನಂಜನಗೂಡಿನ ಕಾರ್ಖಾನೆಯವರಿಗೆ ಗೊತ್ತಲ್ವಾ? ಅಲ್ಲೂ ಅದೇ ಲೆಕ್ಕ. ನಿಮ್ಮ ಮಗಳ ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಥ ಕಾಲೇಜುಗಳೇ ಇರಲಿ ಅಂತ ನನ್ನ ಅಭಿಪ್ರಾಯ. ಕೆಮ್ನಿಟ್ಸ್ ತರದ ಪೂರ್ವ ಭಾಗದ ಟೆಕ್ನಿಕಲ್ ಯೂನಿವರ್ಸಿಟಿಗಳನ್ನೂ ನೋಡಲಿ. ಅಲ್ಲಿ ಬಾಡಿಗೆ ಮ್ಯೂನಿಕ್‌ನ ಅರ್ಧವೂ ಇರಲ್ಲ.

ಹುಡುಕೋದು ಕಷ್ಟ ಏನಲ್ಲ. ಜರ್ಮನ್ ಸರ್ಕಾರದ ಅನುದಾನದಲ್ಲಿ ನಡೆಯೋ ಡಾಡ್ (DAAD) ಸಂಸ್ಥೆಯ ಜಾಲತಾಣದಲ್ಲಿ ಇಂಗ್ಲಿಷ್‌ನಲ್ಲಿ ಕಲಿಸೋ ಕೋರ್ಸುಗಳ ಪಟ್ಟಿ ಇದೆ, ಫೀಸು ಇಲ್ಲದವನ್ನು ಮಾತ್ರ ಸೋಸಿ ತೆಗೀಬಹುದು. ಒಂದು ಭಾನುವಾರ ಕೂತರೆ ಇಪ್ಪತ್ತು ಹೆಸರು ಸಿಗುತ್ತೆ, ಅದರಲ್ಲಿ ಎಂಟು ಉಳಿಸಿಕೊಂಡರೆ ಸಾಕು. ಪ್ರತಿ ಕೋರ್ಸಿನಲ್ಲೂ ಮೂರು ವಿಷಯ ನೋಡಲಿ: ಬಿಇಯಲ್ಲಿ ಯಾವ ವಿಷಯಕ್ಕೆ ಎಷ್ಟು ಕ್ರೆಡಿಟ್ ಕೇಳ್ತಾರೆ, ಇಂಟರ್ನ್‌ಶಿಪ್ ಕಡ್ಡಾಯವಾ, ಆ ಊರಿನ ಸುತ್ತ ಕೆಲಸ ಕೊಡೋ ಕಂಪನಿಗಳು ಯಾವುವು. ಮಾರ್ಕ್ಸು ಇದ್ದೂ ಕ್ರೆಡಿಟ್ ಹೊಂದದೆ ಅರ್ಜಿ ಬಿದ್ದುಹೋಗೋದನ್ನು ಪ್ರತಿ ವರ್ಷ ನೋಡ್ತೀನಿ.

ಈಗ ಸಾಲ. ಜಮೀನು ಅಡ ಇಡೋದಕ್ಕೆ ನೀವು ತಯಾರಿದ್ದರೂ ಬ್ಯಾಂಕು ತಯಾರಿರಲ್ಲ. ಸಾಲ ತೀರದಿದ್ದರೆ ಬ್ಯಾಂಕು ಕೋರ್ಟಿಗೆ ಹೋಗದೆ ಆಸ್ತಿ ವಶ ಮಾಡಿಕೊಳ್ಳೋ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯ ಆಗಲ್ಲ. ಅದಕ್ಕೇ ಶಿಕ್ಷಣ ಸಾಲಕ್ಕೆ ಪಹಣಿ ತಗೊಂಡು ಹೋದರೆ ಮ್ಯಾನೇಜರ್ ಮುಖ ಸಪ್ಪೆ ಮಾಡ್ತಾರೆ. ಮನೆ, ಸೈಟು, ಎಫ್‌ಡಿ, ಎಲ್‌ಐಸಿ ಬಾಂಡು ಕೇಳ್ತಾರೆ. ಪಹಣಿ ನೋಡಿ ದುಡ್ಡು ಕೊಡ್ತೀನಿ ಅನ್ನೋರು ಕೈಸಾಲದವರು. ಅವರ ಬಾಗಿಲಿಗೆ ಈ ಕಾರಣಕ್ಕಂತೂ ಹೋಗಬೇಡಿ. ನಿಮ್ಮ ಮನೆಯವರು ಒಪ್ತಿಲ್ಲ ಅಂದ್ರಲ್ಲ, ಅವರು ಹೇಳೋದೇ ಸರಿ.

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆ ಪ್ರಕಾರ 7.5 ಲಕ್ಷದವರೆಗೆ ಆಸ್ತಿ ಅಡಮಾನ ಬೇಡ, 4 ಲಕ್ಷ ದಾಟಿದರೆ ಕೆಲವು ಬ್ಯಾಂಕುಗಳು ಒಬ್ಬರ ಜಾಮೀನು ಕೇಳಬಹುದು. ಮೇಲಿನದಕ್ಕೆ ಅಡಮಾನ ಬೇಕು. ಅಡಮಾನ ಇಲ್ಲದೆ ಕೊಡೋ ಖಾಸಗಿ ಫೈನಾನ್ಸ್ ಕಂಪನಿಗಳಿವೆ, ಬಡ್ಡಿ ಜಾಸ್ತಿ. ಕಂತು ಎಷ್ಟಾಗುತ್ತೆ ನೋಡಿ. 10.5 ಪರ್ಸೆಂಟ್ ಬಡ್ಡಿ, 10 ವರ್ಷ ಅಂತ ಇಟ್ಟುಕೊಂಡರೆ 30 ಲಕ್ಷಕ್ಕೆ ತಿಂಗಳಿಗೆ ಸುಮಾರು 40,500. 45 ಲಕ್ಷಕ್ಕೆ ಸುಮಾರು 60,700. ಫೀಸಿಲ್ಲದ ಕಾಲೇಜು ಆರಿಸಿ ಸಾಲವನ್ನು 15 ಲಕ್ಷಕ್ಕೇ ನಿಲ್ಲಿಸಿದರೆ ಸುಮಾರು 20,200. ಓದೋ ಟೈಮಿನ ಬಡ್ಡಿ ಇದರ ಮೇಲೆ ಬೇರೆ. ಮೂರನೇ ಅಂಕಿಯನ್ನು ನಿಮ್ಮ ಮಗಳು ವಾಪಸ್ ಬಂದು ಬೆಂಗಳೂರಲ್ಲಿ ಕೆಲಸ ಹಿಡಿದರೂ ತೀರಿಸಬಹುದು. ಮೊದಲ ಎರಡು ತೀರಬೇಕಾದರೆ ಜರ್ಮನಿಯಲ್ಲೇ ಕೆಲಸ ಸಿಗಲೇಬೇಕು. ಸಿಗದಿದ್ದರೆ ಅನ್ನೋ ಪ್ರಶ್ನೆಗೆ ಉತ್ತರ ಇಲ್ಲದ ಸಾಲ ಮಾಡಬಾರದು ಅಂತ ನನ್ನ ಹಟ.

ಸಿಗುತ್ತಾ? ಓದು ಮುಗಿದ ಮೇಲೆ ಕೆಲಸ ಹುಡುಕೋಕೆ 18 ತಿಂಗಳು ಅಲ್ಲೇ ಇರೋ ಪರವಾನಗಿ ಕೊಡ್ತಾರೆ, ಅದು ಒಳ್ಳೇದು. ಆದರೆ ಅಲ್ಲಿನ ಕಾರು ಉದ್ಯಮ ಈಗ ಸುಸ್ತಾಗಿದೆ. ಫೋಕ್ಸ್‌ವ್ಯಾಗನ್ ಒಂದೇ 2030ರೊಳಗೆ 35,000ಕ್ಕೂ ಹೆಚ್ಚು ಹುದ್ದೆ ಕಮ್ಮಿ ಮಾಡ್ತೀವಿ ಅಂತ 2024ರ ಡಿಸೆಂಬರ್‌ನಲ್ಲಿ ಕಾರ್ಮಿಕರ ಜೊತೆ ಒಪ್ಪಂದ ಮಾಡಿಕೊಂಡಿತು. ಇಂಥ ಕಾಲದಲ್ಲಿ ಇಂಗ್ಲಿಷ್ ಮಾತ್ರ ಬರೋ ಮೆಕ್ಯಾನಿಕಲ್ ಎಂಜಿನಿಯರ್‌ಗೆ ಶಾಪ್ ಫ್ಲೋರ್ ಬಾಗಿಲು ಬೇಗ ತೆಗೆಯಲ್ಲ. ಕ್ವಾಲಿಟಿಯವಳು ಆಪರೇಟರ್ ಹತ್ತಿರ ಅವನ ಭಾಷೆಯಲ್ಲಿ ಮಾತಾಡಬೇಕು. ಬಿಡದಿಯಲ್ಲಿ ಕನ್ನಡ ಬರದ ಕ್ವಾಲಿಟಿ ಎಂಜಿನಿಯರ್ ಒದ್ದಾಡೋದನ್ನು ನಿಮ್ಮ ಮಗಳೇ ನೋಡಿರ್ತಾಳೆ, ಕೇಳಿ ನೋಡಿ. ಯಾವ ಯೂನಿವರ್ಸಿಟಿ ಅನ್ನೋದಕ್ಕಿಂತ, ಬಿ1 ಮಟ್ಟದ, ಅಂದ್ರೆ ದಿನನಿತ್ಯದ ಮಾತುಕತೆ ನಡೆಸೋವಷ್ಟು, ಜರ್ಮನ್ ಇದೆಯಾ ಅನ್ನೋದರ ಮೇಲೆ ಅವಳ ಕೆಲಸ ನಿಂತಿದೆ.

ಅದಕ್ಕೇ ನನ್ನ ಸಲಹೆ ಒಂದು ವರ್ಷ ತಡ ಮಾಡಿ ಅನ್ನೋದು. ಬಿಡದಿ ಕೆಲಸ ಬಿಡೋದು ಬೇಡ, ಇನ್ನೊಂದು ವರ್ಷದ ಅನುಭವ ಅರ್ಜಿಗೂ ಒಳ್ಳೇದು. ಸಂಜೆ ಅಥವಾ ವಾರಾಂತ್ಯ ಜರ್ಮನ್ ಕಲಿಯಲಿ. ಮ್ಯಾಕ್ಸ್ ಮುಲ್ಲರ್ ಭವನ ಬೆಂಗಳೂರಿನ ಇಂದಿರಾನಗರದಲ್ಲಿದೆ, ಆನ್‌ಲೈನ್ ತರಗತಿಯೂ ಇವೆ. ಬಿ1ಗೆ ಕೆಲಸದ ಜೊತೆ ಒಂದು ವರ್ಷ ಹಿಡಿಯುತ್ತೆ, ಬೇಗ ಮುಗಿಸಿಕೊಡ್ತೀವಿ ಅನ್ನೋರನ್ನು ನಂಬಬೇಡಿ. ಇದರ ನಡುವೆ ಎಪಿಎಸ್ ಪ್ರಮಾಣಪತ್ರಕ್ಕೆ ಹಾಕಲಿ, ಅಂದ್ರೆ ಓದಿನ ದಾಖಲೆಗಳು ಅಸಲಿ ಅಂತ ಪರಿಶೀಲಿಸಿ ಕೊಡೋ ಪತ್ರ. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳಿಗೆ ಇದು ಕಡ್ಡಾಯ, ಶುಲ್ಕ 18,000. ಯಾರ ಸಹಾಯವೂ ಬೇಡ, ಅವಳೇ ಹಾಕಬಹುದು. ಬಹಳಷ್ಟು ಕಾಲೇಜುಗಳಿಗೆ ಯೂನಿ ಅಸಿಸ್ಟ್ ಅನ್ನೋ ಅರ್ಜಿ ಪರಿಶೀಲಿಸೋ ಸಂಸ್ಥೆ ಮೂಲಕ ಅರ್ಜಿ, ಮೊದಲನೆಯದಕ್ಕೆ 75 ಯೂರೋ, ಆಮೇಲೆ ತಲಾ 30. ಎಂಟು ಅರ್ಜಿಗೆ 285 ಯೂರೋ ಆಯ್ತು. ಮಧ್ಯದವರಿಗೆ ಕೊಡೋಕೆ ಹೊರಟಿದ್ದ 50,000ದಲ್ಲಿ ಎಪಿಎಸ್ಸೂ ಅರ್ಜಿಗಳೂ ಎಲ್ಲ ಮುಗಿಯುತ್ತೆ.

ಇದರಲ್ಲೂ ರಿಸ್ಕ್ ಇದೆ, ಮುಚ್ಚಿಡಲ್ಲ. ಗೆರೆಯ ಮೇಲಿನ ಮಾರ್ಕ್ಸು, ಎಂಟಕ್ಕೆ ಎಂಟೂ ತಿರಸ್ಕಾರ ಆಗಬಹುದು. ಆಗ ಕಳೆದುಕೊಂಡಿದ್ದು ಅರ್ಧ ಲಕ್ಷ, ಕೈಯಲ್ಲಿ ಜರ್ಮನ್ ಭಾಷೆ ಮತ್ತು ಎರಡು ವರ್ಷದ ಅನುಭವ. ಬೆಂಗಳೂರಿನ ಜರ್ಮನ್ ಕಂಪನಿಗಳಲ್ಲಿ ಅದಕ್ಕೆ ಬೆಲೆ ಇದೆ. ವೀಸಾ ತಿರಸ್ಕಾರವಾದರೆ ಮರುಪರಿಶೀಲನೆಗೆ ಬರೆಯೋ ಅವಕಾಶವನ್ನು ಜರ್ಮನಿ 2025ರ ಜುಲೈನಲ್ಲಿ ನಿಲ್ಲಿಸಿದೆ, ಹಾಗಾಗಿ ಕಾಗದಪತ್ರ ಮೊದಲ ಸಲವೇ ಸರಿ ಇರಬೇಕು.

ಇಂಗ್ಲೆಂಡ್ ಒಂದೇ ವರ್ಷದ ಕೋರ್ಸಲ್ವಾ ಅಂತ ಮುಂದೆ ಯಾರಾದರೂ ಹೇಳ್ತಾರೆ. ಭಾಷೆಯ ತೊಂದರೆ ಇಲ್ಲ, ನಿಜ. ಆದರೆ ಫೀಸು ಭಾರಿ, ಓದಿನ ನಂತರ ಅಲ್ಲೇ ಇದ್ದು ಕೆಲಸ ಮಾಡೋ ಎರಡು ವರ್ಷದ ಅವಧಿಯನ್ನು 2027ರ ಜನವರಿ 1ರಿಂದ ಅರ್ಜಿ ಹಾಕೋರಿಗೆ 18 ತಿಂಗಳಿಗೆ ಇಳಿಸಿದ್ದಾರೆ. ನಿಮ್ಮ ಪರಿಸ್ಥಿತಿಗೆ ಅದನ್ನು ನಾನು ಹೇಳಲ್ಲ.

ಹೆಣ್ಣುಮಗು ಒಬ್ಬಳೇ ಅನ್ನೋದಕ್ಕೆ ಏನು ಹೇಳಲಿ. ಬಿಡದಿಯಲ್ಲಿ ಶಿಫ್ಟ್ ಮುಗಿಸಿ ರಾತ್ರಿ ರೈಲಿಗೆ ಬರೋ ಹುಡುಗಿ ಅವಳು, ನಿಮಗಿಂತ ಗಟ್ಟಿ ಇರ್ತಾಳೆ. ಸಣ್ಣ ಊರು, ಕಾಲೇಜಿನ ಹಾಸ್ಟೆಲ್ಲು, ಇವೆರಡು ನೋಡಿ ಆರಿಸಿದರೆ ಸಾಕು. ಹಾಸ್ಟೆಲ್‌ಗೆ ಸರದಿ ಉದ್ದ ಇರುತ್ತೆ, ಪ್ರವೇಶ ಖಚಿತವಾದ ದಿನವೇ ಅರ್ಜಿ ಹಾಕಬೇಕು.

ಇವತ್ತೇ ಮಾಡೋ ಕೆಲಸ ಒಂದಿದೆ. ಅವಳ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಬಿಇ ಸರ್ಟಿಫಿಕೇಟು, ಪಾಸ್‌ಪೋರ್ಟು ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು ನೋಡಿ. ನಮ್ಮ ಕಡೆಯವರದ್ದು ಮಾರ್ಕ್ಸ್ ಕಾರ್ಡಲ್ಲಿ ಬರೀ ಇನಿಷಿಯಲ್ ಇರುತ್ತೆ, ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಪೂರ್ತಿ ಬಿಡಿಸಿ ಕೂತಿರುತ್ತೆ. ಎರಡೂ ಒಬ್ಬಳೇ ಅಂತ ಮಂಡ್ಯದಲ್ಲಿ ಒಂದು ಅಫಿಡವಿಟ್ ಮಾಡಿಸಿಡಿ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ ಅಂದ್ರೆ ಹೆಸರಿನ ಜಾಗ ತುಂಬೋ ಮೊದಲು ನನಗೊಂದು ಸಾಲು ಬರೀರಿ.